ಸದಸ್ಯರು.ಎಂಡಿಬಿ: ನಾಲ್ಕು ಪ್ರತಿಗಳ ಪಾಠಾಂತರ ವಿಚಾರ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ಅಚ್ಚು ಹಾಕಿಸಿದರು. ಓಲೆಗರಿಗಳನ್ನು ಹೇಗೆ ತಾಳೆ ನೋಡಬೇಕೆಂದು ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಹೇಳಿಕೊಟ್ಟರು. ಆದರೆ ಕಲ್ಲಿಗಿಂತ ಬೇಗ ಸವೆಯುವ, ಗರಿಗಿಂತ ಬೇಗ ಹುಳು ಹಿಡಿಯುವ ಮೂರನೆಯ ಬಗೆಯ ಬರವಣಿಗೆಯೊಂದು ಈ ಜಿಲ್ಲೆಯ ಕಚೇರಿ ಕಚೇರಿಯಲ್ಲೂ ಇದ್ದು, ವಿದ್ವಾಂಸರು ಅದರ ಕಡೆ ಇನ್ನೂ ಕಣ್ಣೆತ್ತಿ ನೋಡಿಲ್ಲ. 1992ರಲ್ಲಿ ಹುಟ್ಟಿದ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ತಂತ್ರಾಂಶದ ಎಂಡಿಬಿ ಕಡತವೇ ಆ ಬರವಣಿಗೆ. ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ತುಂಬಲು ಹೊರಟಿದೆ. ಯಾರೂ ಕೇಳಿರಲಿಲ್ಲ ಎಂಬುದು ಸಂಶೋಧನೆಗೆ ಎಂದೂ ಅಡ್ಡಿಯಾಗಿಲ್ಲ.

ಪ್ರತಿಗಳ ಪರಿಚಯ ಹೀಗಿದೆ. ಆಲೂಗಡ್ಡೆ ಬೆಳೆಗಾರರ ಒಂದು ಸಂಘ. ಹೆಸರು ಇಲ್ಲಿ ಅಪ್ರಸ್ತುತ. ಅದರ ಸದಸ್ಯರ ಪಟ್ಟಿಯ ಮೂಲಪ್ರತಿ ಹಾಸನದಲ್ಲಿತ್ತು. ಪೆನ್‌ಡ್ರೈವ್ ಎಂಬ ಲಿಪಿಕಾರನ ಮೂಲಕ ಅದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಹೋಯಿತು. ಹೋದ ಮೇಲೆ ಅಲ್ಲಲ್ಲೇ ಬೆಳೆಯಿತು. ಸಂಪ್ರದಾಯದಂತೆ ಇವನ್ನು ಹಾ, ಹೊ, ಅ, ಚ ಎಂದು ಗುರುತಿಸಿದ್ದೇವೆ. ಹಾ ಮತ್ತು ಹೊ ಪ್ರತಿಗಳು ನುಡಿ ಫಾಂಟಿನಲ್ಲಿವೆ. ಅ ಪ್ರತಿಯನ್ನು ಯಾರೋ ಪುಣ್ಯಾತ್ಮರು ಯೂನಿಕೋಡಿಗೆ ತಂದಿದ್ದಾರೆ. ಚ ಪ್ರತಿಯೂ ಯೂನಿಕೋಡೇ. ಮೇಲಾಗಿ 2007ರ ನಂತರದ ಎಸಿಸಿಡಿಬಿ ರೂಪದಲ್ಲಿದೆ, ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಿತ್ತು. ನಾಲ್ಕನ್ನೂ ಒಂದು ಮಾಡಿ ಪರಿಷ್ಕೃತ ಪಾಠ ಸಿದ್ಧಪಡಿಸಲು ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಒಂದು ಸಾಧನವನ್ನು ತರಿಸಲಾಯಿತು. ಅದರ ಕಾಯಿಲೆಗಳ ನಿದಾನವೇ ಈ ಪ್ರಬಂಧದ ವಸ್ತು.

ಮೊದಲ ಕಾಯಿಲೆ, ಸಾಧನ ಕಡತವನ್ನು ತೆರೆಯದೇ ಇರುವುದು. ಇದಕ್ಕೆ ಕಾರಣ ಎರಡು. ಆಕ್ಸೆಸ್ ಕಡತವನ್ನು ಯಾರಾದರೂ ತೆರೆದಾಗ ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಚಿಕ್ಕ ಕಡತ ಹುಟ್ಟುತ್ತದೆ. ಎಂಡಿಬಿಗೆ ಎಲ್‌ಡಿಬಿ, ಎಸಿಸಿಡಿಬಿಗೆ ಎಲ್‌ಎಸಿಸಿಡಿಬಿ. ಒಳಗೆ ಕೂತಿರುವ ಕಂಪ್ಯೂಟರಿನ ಹೆಸರು ಅದರಲ್ಲಿರುತ್ತದೆ. ಕೊನೆಯವರು ಎದ್ದು ಹೋದಾಗ ಅದೂ ಅಳಿಯಬೇಕು. ಕರೆಂಟು ಹೋಗಿ ಕಂಪ್ಯೂಟರ್ ಸತ್ತರೆ ಮಾತ್ರ ಅದು ಅಲ್ಲೇ ಉಳಿದುಬಿಡುತ್ತದೆ. ಮನೆಯಲ್ಲಿ ಯಾರೂ ಇಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ. ಎಲ್ಲರೂ ಆಕ್ಸೆಸ್ ಮುಚ್ಚಿದ್ದಾರೆಂದು ಖಚಿತ ಮಾಡಿಕೊಂಡು ಅದನ್ನು ಅಳಿಸಿದರೆ ಸಾಕು. ‘ಎಲ್ಲರೂ’ ಎಂಬಲ್ಲಿ ಊಟಕ್ಕೆ ಹೋದವರೂ ಸೇರುತ್ತಾರೆ.

ಎರಡನೆಯ ಕಾರಣ ಬಿಟ್ಟುಗಳದ್ದು. ಎಂಡಿಬಿಯನ್ನು ಓದುವ ಹಳೆಯ ಜೆಟ್ ಎಂಜಿನ್ 32 ಬಿಟ್ಟಿನಲ್ಲಿ ಮಾತ್ರ ಇದೆ. ಅದರ ಉತ್ತರಾಧಿಕಾರಿ ಏಸ್ ಎರಡರಲ್ಲೂ ಇದೆ. ಆದರೆ ಹೋಲಿಸುವ ಸಾಧನ 64 ಬಿಟ್ಟಿನದಾಗಿ, ಕಂಪ್ಯೂಟರಿನಲ್ಲಿರುವ ಏಸ್ 32 ಬಿಟ್ಟಿನದಾದರೆ ಎರಡಕ್ಕೂ ಪರಸ್ಪರ ಮುಖಪರಿಚಯವಿರುವುದಿಲ್ಲ. ‘ಪ್ರೊವೈಡರ್ ಈ ಯಂತ್ರದಲ್ಲಿ ನೋಂದಣಿಯಾಗಿಲ್ಲ’ ಎಂಬ ಸಂದೇಶ ಬರುತ್ತದೆ. ನೋಂದಣಿ ಎಂದ ಕೂಡಲೇ ಅರ್ಜಿ, ಶುಲ್ಕ, ಸಬ್‌ರಿಜಿಸ್ಟ್ರಾರ್ ಎಂದು ಹೊರಡಬಾರದು. ಎರಡನ್ನೂ ಒಂದೇ ಬಿಟ್ಟಿಗೆ ತಂದರೆ ಸಂಬಂಧ ಕುದುರುತ್ತದೆ.

ಕಡತಗಳು ತೆರೆದವು. ಆಗ ಕಂಡದ್ದು ಗಾತ್ರದ ಸಮಸ್ಯೆ. ಹಾ ಪ್ರತಿ ಹೊ ಪ್ರತಿಗಿಂತ ಎಷ್ಟೋ ದೊಡ್ಡದು, ಆದರೆ ದಾಖಲೆಗಳು ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ವಿದ್ವತ್ ಪಂಥಗಳು ಎರಡಾದವು. ಹಾ ಪ್ರತಿಯದು ವಿಸ್ತೃತ ಪಾಠ, ಹೊ ಅದರ ಸಂಗ್ರಹ ಎಂದು ಒಂದು ಪಂಥ. ಹೊ ಪ್ರತಿಯೇ ಪ್ರಾಚೀನ, ಹಾ ಪ್ರತಿಯಲ್ಲಿ ಪ್ರಕ್ಷಿಪ್ತ ಸೇರಿದೆ ಎಂದು ಇನ್ನೊಂದು. ಎರಡೂ ಪಂಥಗಳು ಕಾಫಿಗೆ ಹೋದಾಗ ಕಚೇರಿಯ ಹುಡುಗ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಒತ್ತಿದ. ಎರಡೂ ಪ್ರತಿಗಳು ಒಂದೇ ಗಾತ್ರಕ್ಕೆ ಬಂದವು. ಆಕ್ಸೆಸ್‌ನಲ್ಲಿ ದಾಖಲೆ ಅಳಿಸಿದರೂ ಅದಿದ್ದ ಜಾಗ ತಾನಾಗಿ ಬಿಡುಗಡೆಯಾಗುವುದಿಲ್ಲ. ಕಡತ ಊದುತ್ತಲೇ ಹೋಗುತ್ತದೆ, 2 ಜಿಬಿ ಮುಟ್ಟಿದರೆ ಕೈಚೆಲ್ಲುತ್ತದೆ. ಹಾ ಪ್ರತಿಯ ವಿಸ್ತಾರವೆಲ್ಲ ಅಳಿಸಿದವರ ನೆನಪು. ಗಾತ್ರ ನೋಡಿ ಪಾಠ ನಿರ್ಣಯಿಸಬಾರದು ಎಂಬ ಈ ಸೂತ್ರ ಪಿಎಚ್‌ಡಿ ಪ್ರಬಂಧಗಳಿಗೂ ಅನ್ವಯಿಸೀತು, ಆ ಚರ್ಚೆ ಇಲ್ಲಿ ಬೇಡ.

ಸಾಧನ ‘ವ್ಯತ್ಯಾಸವಿಲ್ಲ’ ಎಂದು ಹೇಳಿದರೆ ತಕ್ಷಣ ಸಂತೋಷಪಡಬಾರದು. 2013ರ ಆಫೀಸ್ ಪ್ರೊಫೆಷನಲ್ ಪ್ಲಸ್ ಜೊತೆ ಬಂದ ‘ಡೇಟಾಬೇಸ್ ಕಂಪೇರ್’ ಎಂಬ ಸಾಧನ ಕೋಷ್ಟಕ, ಕ್ವೆರಿಗಳ ವಿನ್ಯಾಸವನ್ನು ಹೋಲಿಸುತ್ತದೆಯೇ ಹೊರತು ಕೋಷ್ಟಕದೊಳಗಿನ ಮಾಹಿತಿಯನ್ನಲ್ಲ. ತಯಾರಕರೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಬರೆದದ್ದನ್ನು ಓದುವುದು ನಮ್ಮ ಸಂಪ್ರದಾಯದಲ್ಲಿಲ್ಲ. ಮಾಹಿತಿ ಬೇಕಾದರೆ ಎಕ್ಸೆಲ್‌ಗೆ ಇಳಿಸಿ ಅಲ್ಲಿ ಹೋಲಿಸಬೇಕು.

ಮಾಹಿತಿ ಹೋಲಿಸುವ ಸಾಧನಗಳಿಗೂ ಒಂದು ಮೂಲಭೂತ ಪ್ರಶ್ನೆ ಕಾದಿರುತ್ತದೆ: ಈ ಪ್ರತಿಯ ಯಾವ ದಾಖಲೆಯನ್ನು ಆ ಪ್ರತಿಯ ಯಾವ ದಾಖಲೆಯ ಎದುರು ನಿಲ್ಲಿಸಬೇಕು? ಪ್ರತಿ ದಾಖಲೆಗೂ ಆಕ್ಸೆಸ್ ತಾನಾಗಿ ಕೊಡುವ ಆಟೋನಂಬರ್ ಇದೆಯಲ್ಲ ಎನ್ನುತ್ತೀರಿ. ಅದೇ ರೋಗದ ಬೇರು. ನಾಲ್ಕೂ ಊರುಗಳು ಒಂದೇ ಸಂಖ್ಯೆಯಿಂದ ಹೊರಟು ತಮ್ಮ ತಮ್ಮ ಹೊಸ ಸದಸ್ಯರಿಗೆ ಸ್ವತಂತ್ರವಾಗಿ ನಂಬರ್ ಕೊಡುತ್ತ ಹೋದವು. ಹಾಗಾಗಿ ಹಾಸನದ ಒಬ್ಬ ರೈತರು ಅರಕಲಗೂಡಿನಲ್ಲಿ ಹೆಸರು, ತಂದೆ, ಗ್ರಾಮ, ಜಮೀನು ಎಲ್ಲವನ್ನೂ ಬದಲಿಸಿಕೊಂಡಂತೆ ವರದಿ ಬಂತು. ಸಾಧನ ಸುಳ್ಳು ಹೇಳಿರಲಿಲ್ಲ. ಒಂದೇ ನಂಬರಿನವರು ಒಬ್ಬರೇ ಎಂದು ಅದಕ್ಕೆ ನಾವೇ ಹೇಳಿದ್ದೆವು.

ಇದು ಹೊಸ ಸಂಕಟವೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನೇ ನೋಡಿ. 1889ರಲ್ಲಿ ರೈಸ್ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. ದಾಖಲೆಗಳು ಸೇರಿದವು, ನಂಬರು ಬದಲಾದವು. ಆದರೂ ಯಾವ ವಿದ್ವಾಂಸರೂ ಹಳೆಯ ಆವೃತ್ತಿಯ ಒಂದು ನಂಬರನ್ನು ಹೊಸದರ ಅದೇ ನಂಬರಿನ ಎದುರಿಟ್ಟು, ಗಂಗರ ಶಾಸನ ವಿಜಯನಗರದ್ದಾಗಿಬಿಟ್ಟಿದೆ ಎಂದು ಕೂಗಲಿಲ್ಲ. ಯಾವ ಬೆಟ್ಟ, ಯಾವ ಬಸದಿ, ಯಾವ ಕಂಬ ಎಂಬುದೇ ಅವರಿಗೆ ಕೀ, ಅಂದರೆ ದಾಖಲೆಯ ಗುರುತು. ಸಂಘದಲ್ಲಿ ಅದಕ್ಕೆ ಸಮನಾದದ್ದು ಗ್ರಾಮ ಮತ್ತು ಸರ್ವೆ ನಂಬರ್. ಇವೆರಡನ್ನು ಕೀ ಎಂದು ಆರಿಸಿದ ಕೂಡಲೇ ವರದಿ ತೆಳ್ಳಗಾಯಿತು. ಅಣ್ಣತಮ್ಮಂದಿರು ಭಾಗವಾಗಿ ಒಂದೇ ಸರ್ವೆ ನಂಬರಿನಲ್ಲಿ ಮೂವರಾಗಿದ್ದ ಕಡೆ ಮಾತ್ರ ಜಗಳ ಉಳಿಯಿತು, ಅದು ತಂತ್ರಾಂಶದ ಜಗಳವಲ್ಲ.

ತಾರೀಖುಗಳ ವಿಷಯ. ಆಕ್ಸೆಸ್ ತಾರೀಖನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ, ಸೊನ್ನೆಯೆಂದರೆ 30-12-1899. ಸೇರಿದ ದಿನ ಗೊತ್ತಿಲ್ಲದ ಕಡೆ ಅರಕಲಗೂಡಿನಲ್ಲಿ ಸೊನ್ನೆ ತುಂಬಿದ್ದರಿಂದ, ಅಲ್ಲಿ ಹಲವರು ಹತ್ತೊಂಬತ್ತನೆಯ ಶತಮಾನದಲ್ಲೇ, ರೈಸ್ ಸಂಪುಟ ಅಚ್ಚಾಗುವ ಮೊದಲೇ ಸದಸ್ಯರಾಗಿದ್ದಾರೆ. ಇನ್ನೊಂದು ಕಡೆ ತಿಂಗಳು ಮೊದಲು ಬರುವ ಅಮೆರಿಕದ ಕ್ರಮದಲ್ಲಿ ತಾರೀಖು ಓದಿಕೊಂಡು ದಿನ, ತಿಂಗಳು ಅದಲುಬದಲಾಗಿವೆ. 13ರಿಂದ ಮುಂದಿನ ತಾರೀಖುಗಳಿಗೆ ಬಾಧೆಯಿಲ್ಲ, ಹದಿಮೂರನೆಯ ತಿಂಗಳು ಇಲ್ಲವಲ್ಲ. ವರ್ಷದಲ್ಲಿ ಸಂಶಯಕ್ಕೆ ಒಳಗಾಗುವ ದಿನಗಳು 144; ಅದರಲ್ಲಿ ದಿನವೂ ತಿಂಗಳೂ ಒಂದೇ ಆದ 12 ಬಿಟ್ಟರೆ ಕೆಡುವವು 132. ಈ 144ಕ್ಕೂ ರೈಸ್ ಅವರ 144 ಶಾಸನಗಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಪ್ರಬಂಧದಲ್ಲಿ ಸೂಚಿಸಿಡುವುದು ವಾಡಿಕೆ.

ಖಾಲಿ ಜಾಗ ಮತ್ತು ಮಾಹಿತಿಯೇ ಇಲ್ಲವೆಂದು ಸೂಚಿಸುವ ನಲ್ ಒಂದೇ ಅಲ್ಲ, ನಲ್ ಇನ್ನೊಂದು ನಲ್‌ಗೂ ಸಮನಲ್ಲ. ಇದರ ಬಗ್ಗೆ ಶೂನ್ಯವಾದಿಗಳು ಸಾಕಷ್ಟು ಬರೆದಿದ್ದಾರೆ, ಮುಂದೆ ಹೋಗೋಣ.

ಈಗ ಲಿಪಿ. ನಾಲ್ಕರಲ್ಲಿ ಹಾಸನವೊಂದೇ ಕನ್ನಡದಲ್ಲಿ ಒಂದೇ ರೀತಿ ಬರೆಯಲ್ಪಡುವ ಊರು. ಚನ್ನರಾಯಪಟ್ಟಣ ಒಮ್ಮೆ ಚೆನ್ನ, ಒಮ್ಮೆ ಸಿ.ಆರ್. ಪಟ್ಟಣ. ಅರಕಲಗೂಡು ಇಂಗ್ಲಿಷಿಗೆ ಹೋಗಿ ಬಂದಾಗ ಅರ್ಕಲಗೂಡು. ಇವು ಕಣ್ಣಿಗೆ ಕಾಣುವ ಪಾಠಾಂತರಗಳು, ಇನಿಷಿಯಲ್ಲಿನ ಎಚ್ ಮತ್ತು ಹೆಚ್ ಥರ. ಹಾಸನ, ಹೊಳೆನರಸೀಪುರ, ಹಳೇಬೀಡು, ಹರದನಹಳ್ಳಿಗಳಿರುವ ಜಿಲ್ಲೆಯಲ್ಲಿ ಈ ಎಚ್-ಹೆಚ್ ವ್ಯಾಜ್ಯ ಎಷ್ಟು ಸಾಲು ಕೆಂಪಾಗಿಸಿತೆಂದು ಊಹಿಸಿಕೊಳ್ಳಿ. ಕಣ್ಣಿಗೆ ಕಾಣದ್ದು ಹೊಳೆನರಸೀಪುರದ ಮೊದಲ ಅಕ್ಷರದಲ್ಲಿದೆ. ಯೂನಿಕೋಡಿನಲ್ಲಿ ‘ಹೊ’ ಬರೆಯಲು ಹಕಾರದ ಮುಂದೆ ಒತ್ವದ ಒಂದೇ ಸಂಕೇತ ಹಾಕಬಹುದು, ಅಥವಾ ಎತ್ವ, ಊತ್ವ ಎಂದು ಎರಡು ಸಂಕೇತ ಹಾಕಬಹುದು. ಪರದೆಯ ಮೇಲೆ ಎರಡೂ ಒಂದೇ. ಅ ಪ್ರತಿಯಲ್ಲಿ ಒಂದು, ಚ ಪ್ರತಿಯಲ್ಲಿ ಎರಡು. ವರದಿಯಲ್ಲಿ ‘ಹೊಳೆನರಸೀಪುರ ಬದಲಾಗಿ ಹೊಳೆನರಸೀಪುರ ಆಗಿದೆ’ ಎಂದು ಬಂದಾಗ ಕಚೇರಿಯಲ್ಲಿ ಕನ್ನಡಕ ಒರೆಸಿಕೊಳ್ಳದವರಿಲ್ಲ. ನಾರ್ಮಲೈಸೇಷನ್ ಎಂಬ ಶುದ್ಧೀಕರಣ ಮಾಡಿದರೆ ಇದು ವಾಸಿ.

ಕನ್ನಡ ಗಣಕ ಪರಿಷತ್ತಿನ ನುಡಿ ಹಳೆಯ ಪದ್ಧತಿಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸಿತ್ತು. ಆ ಕಾಲಕ್ಕೆ ಬೇರೆ ದಾರಿಯಿರಲಿಲ್ಲ, ಕನ್ನಡ ಕಚೇರಿಗಳು ನಡೆದದ್ದೇ ಅದರಿಂದ. ನಕಾರಕ್ಕೆ ಸಿಕ್ಕಿದ ಮನೆ ಇಂಗ್ಲೆಂಡಿನ ಪೌಂಡ್ ಚಿಹ್ನೆಯದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹಾಸನದ ಕೊನೆಯಲ್ಲಿ ಒಂದು ಪೌಂಡು, ನಂಜೇಗೌಡರ ತಲೆಯ ಮೇಲೆ ಒಂದು ಪೌಂಡು. ಸಂಘ ಅಷ್ಟು ಶ್ರೀಮಂತವಾಗಿದ್ದು ಆ ಪರದೆಯ ಮೇಲೆ ಮಾತ್ರ. ಇನ್ನು 68ನೇ ಮನೆಯ ದೊಡ್ಡ ಡಿ ‘ಆ’ ಆಯಿತು, 100ನೇ ಮನೆಯ ಚಿಕ್ಕ ಡಿ ‘ಜ’ ಆಯಿತು. ಆಕ್ಸೆಸ್ ಎಂಜಿನ್ ಹೆಸರು ತಾಳೆ ನೋಡುವಾಗ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಎಣಿಸುವುದಿಲ್ಲ. ಅದರ ಪಾಲಿಗೆ ಆಯವೂ ಜಯವೂ ಒಂದೇ.

ಇದರ ಪ್ರತ್ಯಕ್ಷ ಸಾಕ್ಷಿ ಕೊನೆಗೆ ದೊರೆಯಿತು. ಹಾ ಪ್ರತಿಯಲ್ಲಿ ‘ಜಯಮ್ಮ’ ಎಂದಿರುವ ಕಡೆ ಹೊ ಪ್ರತಿಯಲ್ಲಿ ‘ಆಯಮ್ಮ’ ಎಂದಿದೆ. ಸಾಧನ ವ್ಯತ್ಯಾಸವಿಲ್ಲ ಎಂದು ಹಸಿರು ಬಣ್ಣ ಕೊಟ್ಟಿದೆ. ಯಂತ್ರದ ಪ್ರಮಾದವನ್ನು ಸಪ್ರಮಾಣವಾಗಿ ಸ್ಥಾಪಿಸಲು ಸಂಶೋಧಕರು ಹೊಳೆನರಸೀಪುರಕ್ಕೇ ಹೋಗಿ ಗುಮಾಸ್ತರನ್ನು ಕಂಡರು.

‘ಆಯಮ್ಮ ಯಾರು ಸ್ವಾಮಿ?’

‘ಅದೇ ಸಾರ್, ಜಯಮ್ಮ.’

‘ಮತ್ತೆ ಆಯಮ್ಮ ಅಂತ ಹಾಕಿದ್ದೀರಿ?’

‘ಅವತ್ತು ಜನ ಜಾಸ್ತಿ ಇದ್ರು ಸಾರ್. ಹೆಸರು ಹೇಳ್ರಮ್ಮ ಅಂದೆ. ಹಿಂದ್ಗಡೆ ಯಾರೋ, ಆಯಮ್ಮಂದು ಬರ್ಕೊಳಿ ಮೊದ್ಲು ಅಂದ್ರು. ಬರ್ಕೊಂಡೆ.’

ಸಾಧನದ ಪಾಠವನ್ನೇ ಸ್ವೀಕರಿಸಲಾಗಿದೆ.