ಮೂರು ವಿಮಾನ, ಒಂದು ಅಗ್ಗಿಷ್ಟಿಕೆ

ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಕಡೆ ಒಣಗದೆ ಉಳಿಯುವ ಸಾಮಾನುಗಳು ಒಂದೆರಡಲ್ಲ. ಕಂಬಳಿ, ಸೌದೆ, ಮಕ್ಕಳ ಯೂನಿಫಾರಂ, ನೆಂಟರು ಮರೆತುಹೋದ ಕೊಡೆ. ಈ ವರ್ಷ ನಮ್ಮ ಮನೆಯಲ್ಲಿ ಆ ಸಾಲಿಗೆ ಮೂರು ಯುದ್ಧವಿಮಾನಗಳು ಸೇರಿಕೊಂಡವು. ಅಗ್ಗಿಷ್ಟಿಕೆಯ ಮೇಲೆ ಕವುಚಿದ ಬೆತ್ತದ ಬುಟ್ಟಿಯ ಒಂದು ಮಗ್ಗುಲಲ್ಲಿ ನನ್ನ ಕಾಲುಚೀಲ, ಇನ್ನೊಂದು ಮಗ್ಗುಲಲ್ಲಿ ಹಂಟರ್ ವಿಮಾನದ ಎಡರೆಕ್ಕೆ.

“ಒಂದನ್ನಾದರೂ ಮುಗಿಸಬಾರದಾ?” ಎಂದು ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಪ್ಲಾಸ್ಟಿಕ್ ವಿಮಾನ ಕಟ್ಟುವುದೆಂದರೆ ಮುಕ್ಕಾಲು ಪಾಲು ಕಾಯುವುದು. ಅಂಟು ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಅದು ಗಟ್ಟಿಯಾಗುವ ತನಕ ಮುಟ್ಟುವ ಹಾಗಿಲ್ಲ. ಸಂದಿಗೆ ಮೆತ್ತಿದ ಪುಟ್ಟಿ ಒಣಗಬೇಕು, ಉಜ್ಜಬೇಕು. ಎನಾಮಲ್ ಬಣ್ಣಕ್ಕೆ ಬಯಲುಸೀಮೆಯಲ್ಲೇ ಒಂದು ದಿನ ಬೇಕು, ಮಡಿಕೇರಿಯ ಜುಲೈಯಲ್ಲಿ ಅದು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಹಾಗಿರುವಾಗ ಒಂದು ಒಣಗುವ ತನಕ ಇನ್ನೊಂದನ್ನು ಕೈಗೆತ್ತಿಕೊಳ್ಳುವುದು ಜಾಣತನ ತಾನೆ? ನಮ್ಮ ತೋಟಗಳನ್ನೇ ನೋಡಿ: ಕೆಳಗೆ ಕಾಫಿ, ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ, ನಡುನಡುವೆ ಕಿತ್ತಳೆ, ತಗ್ಗಿನಲ್ಲಿ ಏಲಕ್ಕಿ. ಒಂದು ಕೈಕೊಟ್ಟರೆ ಇನ್ನೊಂದು ಇದ್ದೇ ಇದೆ. ಮಳೆ ಹೆಚ್ಚಾದ ವರ್ಷ ಕಾಫಿಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ ಎರಡೂ ಒಟ್ಟಿಗೇ ಬರುತ್ತವೆ ಎಂಬ ಮಾತನ್ನು ನಾನಾಗಿ ಎತ್ತಲಿಲ್ಲ. ಅವಳೇ ಎತ್ತಿದಳು.

ಮೂರು ವಿಮಾನಗಳೂ 1965ರ ಭಾರತ-ಪಾಕಿಸ್ತಾನ ಯುದ್ಧದವು, ಎಲ್ಲವೂ 1:72ರ ಅಳತೆ. ಆರಡಿ ಆಳು ಈ ಅಳತೆಯಲ್ಲಿ ಸರಿಯಾಗಿ ಒಂದು ಇಂಚು. ಮೊದಲು ತರಿಸಿದ್ದು ನ್ಯಾಟ್. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಪುಟಾಣಿ, ಪಾಕಿಸ್ತಾನದ ಸೇಬರ್ ವಿಮಾನಗಳ ಬೆನ್ನುಹತ್ತಿದ ಚೋಟು ಮೆಣಸಿನಕಾಯಿ. ಪೆಟ್ಟಿಗೆ ತೆರೆದರೆ ಎರಡು ಸೀಟು, ಮೈಯೆಲ್ಲ ಕೆಂಪು. ಬ್ರಿಟಿಷರು ನ್ಯಾಟನ್ನು ತರಬೇತಿಗೂ ಕಸರತ್ತಿನ ಪ್ರದರ್ಶನಕ್ಕೂ ಇಟ್ಟುಕೊಂಡಿದ್ದರು. ಒಂಟಿ ಸೀಟಿನ ಕಾದಾಟದ ನ್ಯಾಟ್ ನಮ್ಮದು. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡದೆ ದುಡ್ಡು ಕೊಟ್ಟವನು ನಾನು. ಹಿಂದಿನ ಸೀಟನ್ನು ಪುಟ್ಟಿಯಲ್ಲಿ ಮುಚ್ಚಲು ಹೊರಟೆ. ಈಗ ಅದಕ್ಕೆ ಒಂಟೆಯ ಡುಬ್ಬ ಬಂದಿದೆ.

ಎರಡನೆಯದು ಹಂಟರ್. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದುದು ಅದನ್ನೇ. 1965ರ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನೇನು ಕೆಲವೇ ಗಂಟೆಗಳು ಉಳಿದಿದ್ದಾಗ, ಅವರ ವಿಮಾನವನ್ನು ಕೆಳಗೆ ಬೀಳಿಸಿದರು, ಅವರು ಸೆರೆಯಾದರು. ನಮ್ಮ ಮನೆಯ ಹಂಟರನ್ನು ಯಾರೂ ಹೊಡೆಯಲಿಲ್ಲ. ಪಾಲಿಸ್ಟೈರೀನ್ ನೂರು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ರೆಕ್ಕೆಯನ್ನು ಬುಟ್ಟಿಯಿಂದ ಎತ್ತಿದಾಗ. ತುದಿ ಹಪ್ಪಳದ ಹಾಗೆ ಸುರುಳಿಯಾಗಿತ್ತು. ಕಾಲುಚೀಲವೂ ಒಣಗಿರಲಿಲ್ಲ.

ಒಟ್ಟಿಗೆ ಮೂರು ಕಟ್ಟುವವನಿಗೆ ಬರುವ ನಿಜವಾದ ಕಷ್ಟ ಒಣಗಿಸುವುದಲ್ಲ, ಗುರುತು. ಪ್ರತಿ ಪೆಟ್ಟಿಗೆಯಲ್ಲೂ ಒಂದು 14ನೇ ನಂಬರಿನ ತುಂಡು ಇರುತ್ತದೆ. ಚೌಕಟ್ಟಿನಿಂದ ಬಿಡಿಸಿದ ಮೇಲೆ ತುಂಡಿನ ಮೇಲೆ ನಂಬರೂ ಇಲ್ಲ, ಜಾತಿಯೂ ಇಲ್ಲ. ನಾನು ಬಿಡಿಸುತ್ತಿದ್ದುದು ಅಜ್ಜನ ಕಾಲದ ಪೀಚೆಕತ್ತಿಯಲ್ಲಿ. ಅಷ್ಟು ಗತ್ತಿನ ಕತ್ತಿಗೆ ಇಷ್ಟು ಸಣ್ಣ ಕೆಲಸ ಹಿಡಿಸದೆ, ತುಂಡುಗಳು ಹಾರಿ ಸೋಫಾದಡಿಗೆ ಹೋಗುತ್ತಿದ್ದವು. ಹೀಗೆ ನ್ಯಾಟ್ ಕೆಲವು ದಿನ ಹಂಟರ್‌ನ ಚಕ್ರದ ಮೇಲೆ, ದೊಡ್ಡಣ್ಣನ ಬೂಟು ಹಾಕಿಕೊಂಡ ಹುಡುಗನಂತೆ ನಿಂತಿತ್ತು.

ಮೂರನೆಯದರಲ್ಲಿ ಮಾತ್ರ ತಪ್ಪಾಗಿಲ್ಲ, ಏಕೆಂದರೆ ಅದರಲ್ಲಿ ನಾನು ಹೆಚ್ಚು ಮುಂದುವರಿದೇ ಇಲ್ಲ. ಫ್ರಾನ್ಸಿನ ಮಿಸ್ಟೇರ್. ಮಡಿಕೇರಿಯ ವೃತ್ತದಲ್ಲಿ ಪ್ರತಿಮೆಯಾಗಿ ನಿಂತಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸಿದ ವಿಮಾನ. ಅದೇ ಯುದ್ಧದ ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ಪಟ್ಟಿಯಲ್ಲಿ ಅವರು ಇದ್ದದ್ದು ಕಾದಿರಿಸಿದ ಪೈಲಟ್ ಆಗಿ. ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಸರದಿ ಬಂತು. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಬೆನ್ನಟ್ಟಿ ಬಂದಾಗ, ಅದರ ಅರ್ಧ ವೇಗವೂ ಇಲ್ಲದ, ಆಗಲೇ ಏಟು ತಿಂದಿದ್ದ ವಿಮಾನವನ್ನು ತಿರುಗಿಸಿ ಅದನ್ನೇ ಹೊಡೆದು ಕೆಡವಿದರು. ಅವರು ಮರಳಲಿಲ್ಲ. ನಡೆದದ್ದೇನೆಂದು ನಮ್ಮವರಿಗೆ ತಿಳಿದದ್ದು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ, ಅದೂ ಆಚೆ ಕಡೆಯವರು ಹೇಳಿದ ಕಥೆಯಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ನನ್ನ ಎನಾಮಲ್ ಬಣ್ಣವನ್ನು ಇನ್ನು ಬೈಯಬಾರದು ಅನ್ನಿಸುತ್ತದೆ.

ಮಿಸ್ಟೇರ್ ಪೆಟ್ಟಿಗೆಯಲ್ಲಿ ಬಂದ ಸ್ಟಿಕ್ಕರುಗಳೆಲ್ಲ ಫ್ರೆಂಚ್ ವಾಯುಪಡೆಯವು. ನಡುವೆ ಹಸಿರು, ಹೊರಗೆ ಕೇಸರಿ ಇರುವ ನಮ್ಮ ವಾಯುಪಡೆಯ ಚಕ್ರದ ಗುರುತುಗಳನ್ನು ಬೇರೆ ತರಿಸಬೇಕಾಯಿತು. ಅವು ಬಂದವು, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವುದಷ್ಟೇ ಬಾಕಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿ, ಒಡಿಕತ್ತಿಗಳನ್ನು ಒರೆಸಿ ತೋಕ್‌ಪೂವಿಟ್ಟು ಸಾಲಾಗಿ ಇಟ್ಟಾಗ, ಮಗಳು ಬಣ್ಣವಿಲ್ಲದ ಮಿಸ್ಟೇರನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದಳು. ಒಂದೇ ಹೂವು ಅರ್ಧ ವಿಮಾನವನ್ನು ಮುಚ್ಚಿತು. “ಇದು ಹಾರ್ತದಾ?” ಎಂದು ಅತ್ತೆ ಕೇಳಿದರು. ಕೋವಿಯೂ ಈಗ ಹೊಡೆಯುತ್ತಿಲ್ಲವಲ್ಲ ಎಂದಳು ಮಗಳು.

ಇನ್ನು ಉಳಿದಿರುವುದು ಪೈಲಟ್. ಕಾಗದದ ಸೂಚನೆಯಲ್ಲಿ ಅವನ ಮುಖಕ್ಕೆ ಗುಲಾಬಿ ಬಣ್ಣ ಹಚ್ಚಲು ಹೇಳಿದೆ. ಅದು ಆಗದು. ಕಂದಿಗೆ ಹಳದಿ ಬೆರೆಸಿದೆ, ಕಾಫಿ ಡಿಕಾಕ್ಷನ್ ಆಯಿತು. ಹಾಲಿನ ಬಿಳಿ ಬೆರೆಸಿದೆ, ಹೋಟೆಲ್ ಕಾಫಿ ಆಯಿತು. ಸಾಸಿವೆಗಿಂತ ತುಸು ದೊಡ್ಡ ಮುಖ, ಕೈ ನಡುಗಿದರೆ ಮುಗಿಯಿತು. ಆ ಮುಖದ ಸರದಿ ಬಂದಾಗಲೆಲ್ಲ ನನಗೆ ನ್ಯಾಟ್‌ನ ಡುಬ್ಬ ಉಜ್ಜುವ ಕೆಲಸ ನೆನಪಾಗುತ್ತದೆ. ಹೆಂಡತಿಗೆ ಇದು ಗೊತ್ತು ಎಂದು ಕಾಣುತ್ತದೆ, ಈಚೆಗೆ ಕೇಳುವುದನ್ನು ಬಿಟ್ಟಿದ್ದಾಳೆ. ಅಡುಗೆಮನೆಯ ಕಿಟಕಿಯಲ್ಲಿ, ಬಾಳೆದಿಂಡಿನ ತುಂಡಿಗೆ ಚುಚ್ಚಿದ ಹಲ್ಲುಕಡ್ಡಿಯ ತುದಿಯಲ್ಲಿ ಅವನು ಕುಳಿತಿದ್ದಾನೆ, ಹೆಲ್ಮೆಟ್ ಹಾಕಿಕೊಂಡು, ಮಳೆಯ ಕಡೆಗೆ ಮುಖಮಾಡಿ.