ತಳ್ಳೋದು ಇಲ್ಲಿ, ಏರೋದು ಅಲ್ಲಿ

ಅಲ್ಲ ರಾಯರೇ, ಕಾಂಪೌಂಡ್ ಮೇಲೆ ಕೈಯೂರಿ ಎಷ್ಟು ಸಲೀಸಾಗಿ ಅಂದುಬಿಟ್ರಿ! ಅಮೆರಿಕದವರು ಮೂರ್ನಾಲ್ಕು ದಿನದಲ್ಲಿ ಚಂದ್ರನ ಹತ್ತಿರ ಹೋದ್ರು, ನಮ್ಮವರು ಭೂಮಿಗೇ ಪ್ರದಕ್ಷಿಣೆ ಹಾಕ್ತಾ ಕೂತ್ರು ಅಂತ. ಪ್ರದಕ್ಷಿಣೆಗೂ ಲೆಕ್ಕ ಇರುತ್ತೆ ಸ್ವಾಮಿ. 2023ರ ಜುಲೈ 14ರಂದು ಹೊರಟ ಚಂದ್ರಯಾನ-3ರ ತೂಕ ಸುಮಾರು 3,900 ಕಿಲೋ. ಅದನ್ನ ತಳ್ಳೋ ಎಂಜಿನ್ನಿನ ಬಲವೋ 440 ನ್ಯೂಟನ್. ಅಂದ್ರೆ, ಇಲ್ಲಿ ನೆಲದ ಮೇಲಾದ್ರೆ 45 ಕಿಲೋ ಮೂಟೆ ಎತ್ತಿ ಹಿಡಿಯೋವಷ್ಟು. ಅಪೊಲೊದವರ ಹಿಂದೆ ಸ್ಯಾಟರ್ನ್ ರಾಕೆಟ್ಟಿನ ಮೂರನೇ ಹಂತವೇ ಇತ್ತು, ಒಂದೇ ಉಸಿರಿಗೆ ನೂಕಿಬಿಡ್ತು. ನಮ್ಮದು ಕಂತಿನ ವ್ಯವಹಾರ.

ಕಂತು ಕಟ್ಟೋ ಜಾಗ ಮಾತ್ರ ಗೊತ್ತುಮಾಡಿದ್ದು. ರಾಕೆಟ್ಟು ಬಿಟ್ಟುಹೋದ ಕಕ್ಷೆ ಉದ್ದಕ್ಕೆ ಎಳೆದ ಅಂಡಾಕಾರ. ಒಂದು ತುದಿ ಭೂಮಿಗೆ 170 ಕಿಲೋಮೀಟರ್ ಹತ್ತಿರ, ಇನ್ನೊಂದು 36,500 ಕಿಲೋಮೀಟರ್ ದೂರ. ನೌಕೆ ಹತ್ತಿರದ ತುದಿಗೆ ಬಂದಾಗ ಎಂಜಿನ್ ಉರಿಸ್ತಾರೆ. ಏರೋದು ಮಾತ್ರ ಆ ಕಡೆಯ ತುದಿ! ಈ ತುದಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ. ನೌಕೆ ಅತಿ ವೇಗವಾಗಿ ಓಡೋದೂ ಇಲ್ಲೇ, ವೇಗದಲ್ಲಿದ್ದಾಗ ತಳ್ಳಿದ್ರೆ ಅದೇ ಇಂಧನಕ್ಕೆ ಹೆಚ್ಚು ಶಕ್ತಿ ದಕ್ಕುತ್ತೆ. ಆದ್ರೆ ಅಲ್ಲಿ ಇರೋ ಹೊತ್ತು ಕಮ್ಮಿ, ಎಂಜಿನ್ನೂ ಚಿಕ್ಕದು. ಹಾಗಾಗಿ ಒಂದಿಷ್ಟು ತಳ್ಳು, ಸುತ್ತಿ ಬಾ, ಮತ್ತೆ ತಳ್ಳು. ಹೀಗೇ ಮಾಡ್ತಾ ಜುಲೈ 25ರ ಹೊತ್ತಿಗೆ ದೂರದ ತುದಿ 1,27,000 ಕಿಲೋಮೀಟರ್ ದಾಟಿತ್ತು. ಆಗಸ್ಟ್ 1ಕ್ಕೆ ಚಂದ್ರನ ದಾರಿ. ಇಷ್ಟಕ್ಕೂ ಅಪ್ಪಣೆ ಹೋಗಿದ್ದು ನಮ್ಮ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಿಂದ ಕಣ್ರೀ, ಆ ಲೇತ್ ಮಿಷನ್ನು, ಲಾರಿಗಳ ಪಕ್ಕದಿಂದ.

ಈ ಲೆಕ್ಕದ ಮೂಲಪುರುಷ ಯಾರು ಗೊತ್ತಾ? ವಾಲ್ಟರ್ ಹೋಮನ್ ಅಂತ, ಜರ್ಮನಿಯ ಎಸ್ಸೆನ್ ನಗರಾಡಳಿತದಲ್ಲಿದ್ದ ಸಿವಿಲ್ ಎಂಜಿನಿಯರ್. 1925ರಲ್ಲೇ ಪುಸ್ತಕ ಬರೆದ. ಆಗಿನ್ನೂ ದ್ರವ ಇಂಧನದ ರಾಕೆಟ್ ಒಂದೂ ಹಾರಿರಲಿಲ್ಲ. ಕೆಳಗಿನ ವೃತ್ತದಿಂದ ಮೇಲಿನ ವೃತ್ತಕ್ಕೆ ಹೋಗಬೇಕಾ? ಎರಡನ್ನೂ ಮುಟ್ಟೋ ಅರ್ಧ ಅಂಡಾಕಾರದ ದಾರಿ ಹಿಡಿ. ಹೊರಡೋವಾಗ ಒಂದು ತಳ್ಳು, ತಲುಪಿದ ಮೇಲೆ ಇನ್ನೊಂದು. ಎರಡನೇದನ್ನ ಮರೆತರೆ ಅಂಡಾಕಾರದ ಇನ್ನರ್ಧ ಹಿಡಿದು ವಾಪಸ್ಸು ಇಳಿಯೋದೇ. ನಮ್ಮ ನಗರಸಭೆ ಎಂಜಿನಿಯರು ಬಿಡುವಿನಲ್ಲಿ ಏನು ಮಾಡ್ತಾರೋ, ಆ ಮಾತು ಬೇಡ ಬಿಡಿ.

ಇದರಲ್ಲಿ ನಾಸಾದವರೂ ತಡಕಾಡಿದ್ದಾರೆ. 1965ರ ಜೂನ್‌ನಲ್ಲಿ ಜೆಮಿನಿ-4 ನೌಕೆಯಲ್ಲಿದ್ದ ಜೇಮ್ಸ್ ಮ್ಯಾಕ್‌ಡಿವಿಟ್, ತಮ್ಮನ್ನ ಹೊತ್ತುತಂದ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗೋಕೆ ನೋಡಿದ. ನೀವು ಸ್ಕೂಟರಿನಲ್ಲಿ ಮುಂದಿನ ಬಸ್ಸು ಹಿಡಿಯೋಕೆ ಏನು ಮಾಡ್ತೀರಿ? ಎಕ್ಸಲರೇಟರ್ ತಿರುವ್ತೀರಿ. ಅವನೂ ಅದನ್ನೇ ಮಾಡಿದ. ಹತ್ತಿರ ಹೋಗೋದಿರಲಿ, ದೂರ ಬೆಳೀತಾ ಹೋಯ್ತು. ಯಾಕಂದ್ರೆ ಮುಂದಕ್ಕೆ ತಳ್ಳಿದ್ರೆ ಕಕ್ಷೆ ಮೇಲೇರುತ್ತೆ, ಅಲ್ಲಿ ಸುತ್ತು ದೊಡ್ಡದು, ಸರಾಸರಿ ವೇಗ ಕಮ್ಮಿ. ಹಿಂದೆ ಬೀಳ್ತೀರಿ! ಮುಂದಿನವನನ್ನ ಹಿಡಿಯೋಕೆ ಬ್ರೇಕ್ ಹಾಕ್ಬೇಕು. ಆಗ ಕೆಳಗಿಳಿದು, ಚಿಕ್ಕ ಸುತ್ತಿನಲ್ಲಿ ಬೇಗ ಓಡಿ, ಆಮೇಲೆ ಮೇಲೇರಿ ಜೊತೆಯಾಗ್ಬೇಕು. ಮ್ಯಾಕ್‌ಡಿವಿಟ್ ಇಂಧನ ಖರ್ಚಾಗಿದ್ದು ನೋಡಿ ಆಸೆ ಬಿಟ್ಟ. ಅದೇ ಡಿಸೆಂಬರಿನಲ್ಲಿ ಜೆಮಿನಿ-6ಎ ಲೆಕ್ಕದ ಪ್ರಕಾರ ನಡ್ಕೊಂಡು ಜೆಮಿನಿ-7ರ ಮೂತಿಗೆ ಮೂತಿ ಇಡೋಷ್ಟು ಹತ್ತಿರ ಹೋಯ್ತು.

ಏನಂದ್ರಿ? ಚಂದ್ರನ ಹತ್ತಿರ ಹೋದ ಮೇಲೆ ಅವನೇ ಎಳ್ಕೊಳ್ಳಲ್ವಾ ಅಂತಲಾ? ಎಳ್ಕೊಂಡು ಬಿಟ್ಟೂ ಬಿಡ್ತಾನೆ. ಚಂದ್ರಯಾನ ಆಗಸ್ಟ್ 5ರಂದು ಅಲ್ಲಿ ಎದುರುಮುಖವಾಗಿ ಎಂಜಿನ್ ಉರಿಸಿ ವೇಗ ಇಳಿಸಿದ್ದಕ್ಕೇ ಅಲ್ಲಿ ನಿಂತಿದ್ದು. ಜಪಾನಿನವರನ್ನ ಕೇಳಿ ಬೇಕಾದ್ರೆ. ಅವರ ಅಕಾತ್ಸುಕಿ ನೌಕೆ 2010ರ ಡಿಸೆಂಬರ್ 7ರಂದು ಶುಕ್ರನ ಬಳಿ ಬ್ರೇಕ್ ಹಾಕ್ತಿರುವಾಗಲೇ ಮುಖ್ಯ ಎಂಜಿನ್ ಕೈಕೊಡ್ತು. ಶುಕ್ರನನ್ನ ದಾಟಿ ಸೂರ್ಯನ ಸುತ್ತ ಹೊರಟೇಹೋಯ್ತು. ಅವರು ಕೈಚೆಲ್ಲಲಿಲ್ಲ. ಲೆಕ್ಕ ಹಾಕಿ ಕಾದ್ರು. 2015ರಲ್ಲಿ, ಅದೂ ಅದೇ ಡಿಸೆಂಬರ್ 7ರಂದು, ನೌಕೆಯ ಮುಖ ತಿರುಗಿಸೋಕೆ ಇದ್ದ ಪುಟಾಣಿ ಎಂಜಿನ್‌ಗಳನ್ನೇ ಸುಮಾರು 20 ನಿಮಿಷ ಉರಿಸಿ ಶುಕ್ರನ ಕಕ್ಷೆಗೆ ಸೇರಿಸಿಬಿಟ್ರು.