ಎಣ್ಣೆಯೂರಿಗೆ ಬಂದ ಬಿಳಿ ವೈನು

ಬಿಳಿ ವೈನನ್ನು ಹತ್ತು ಡಿಗ್ರಿ ತಂಪಿನಲ್ಲಿ ಕುಡಿಯಬೇಕು ಎನ್ನುತ್ತಾರೆ ಬಲ್ಲವರು. ಅವರು ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆಗೆ ಬಂದವರಲ್ಲ. ಇಲ್ಲಿ ಬಾಟಲಿ ಹೊರಗಿಟ್ಟು ಲೋಟ ಹುಡುಕುವಷ್ಟರಲ್ಲಿ ಅದೂ ನಮ್ಮಂತೆಯೇ ಬೆವರತೊಡಗುತ್ತದೆ. ಕರೆಂಟು ಹೋಯಿತೋ, ಫ್ರಿಜ್ಜು ಬರೀ ಬೀರು.

ಅಣ್ಣನ ಮಗ ಫ್ರಾನ್ಸಿನಿಂದ ತಂದದ್ದು ಲ್ವಾರ್ ಕಣಿವೆಯ ಶೆನಾ ಬ್ಲಾಂ ದ್ರಾಕ್ಷಿಯ ವೈನು. ಲೇಬಲ್ಲಿನಲ್ಲಿ ‘ಎ ಬಿ’ ಎಂಬ ಹಸಿರು ಮುದ್ರೆ, ಅಲ್ಲಿನ ಸರ್ಕಾರದ ಸಾವಯವ ಗುರುತು. ಸವಿಯುವುದಕ್ಕೂ ಒಂದು ಮಡಿ ಇದೆಯಂತೆ: ಲೋಟ ಓರೆ ಮಾಡಿ ಬಣ್ಣ ನೋಡಬೇಕು, ಗರಗರ ತಿರುಗಿಸಬೇಕು, ಮೂಗಿಟ್ಟು ಮೂಸಬೇಕು, ಕೊನೆಗೊಂದು ಗುಟುಕು. ಹುಡುಗ ಶ್ರದ್ಧೆಯಿಂದ ಪಾಠ ಮಾಡಿದ.

ಆದರೆ ಮೂಸುವುದನ್ನು ಚಳ್ಳಕೆರೆಗೆ ಯಾರು ಕಲಿಸಬೇಕು? ಮುಂಬೈ ಬಿಟ್ಟರೆ ನಮ್ಮದೇ ಎಂದು ಶೇಂಗಾ ಎಣ್ಣೆಯ ಮಿಲ್ಲುಗಳನ್ನು ತೋರಿಸಿ ಬೀಗುತ್ತಿದ್ದ ಊರಿದು. ಮಿಲ್ಲು ಮುಚ್ಚಿ ಮನೆಯಲ್ಲಿರುವ ನಮ್ಮ ಪಕ್ಕದ ಯಜಮಾನರು ಅಂಗೈಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಉಜ್ಜಿ, ಮೂಸಿ, ಕಾಳು ಹಳೆಯದೋ, ಬೂಷ್ಟು ಹಿಡಿದಿತ್ತೋ, ಹುರಿದದ್ದು ಹೆಚ್ಚಾಯಿತೋ ಹೇಳಿಬಿಡುತ್ತಾರೆ. ಪ್ಯಾರಿಸ್ಸಿನಲ್ಲಿ ಹುಟ್ಟಿದ್ದರೆ ಈ ಮೂಗಿಗೆ ಸಂಬಳ ಬರುತ್ತಿತ್ತು. ಅವರು ಲೋಟಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ, “ಸೇಬು ಐತೆ. ಜೇನು ಮೇಣ ಐತೆ. ಹಿಂದ್ಗಡೆ ಮಳೆ ಬಿದ್ದ ಬಂಡೆ” ಎಂದರು. ಹುಡುಗನ ಮುಖ ನೋಡಬೇಕಿತ್ತು! ಅವನ ಪುಸ್ತಕದಲ್ಲೂ ಒದ್ದೆ ಕಲ್ಲಿನ ವಾಸನೆ ಎಂದೇ ಇದೆ. ಆ ವಾಸನೆಗೆ ನಾವು ಪುಸ್ತಕ ತೆರೆಯಬೇಕಿಲ್ಲ. ಅಶೋಕನ ಶಾಸನ ಹೊತ್ತು ಎರಡು ಸಾವಿರ ವರ್ಷದಿಂದ ಕಾದ ಬ್ರಹ್ಮಗಿರಿಯ ಬಂಡೆಯ ಮೇಲೆ ಮಳೆ ಬೀಳುವುದೇ ಅಪರೂಪ. ಬಿದ್ದ ದಿನ ಮೊಳಕಾಲ್ಮೂರಿನವರು ಅದನ್ನು ಎದೆತುಂಬ ಎಳೆದುಕೊಂಡು ಮುಂದಿನ ಮಳೆಯವರೆಗೆ ಇಟ್ಟುಕೊಳ್ಳುತ್ತಾರೆ.

ಮೊಳಕಾಲ್ಮೂರಿನ ಗೆಳೆಯರೂ ಅಲ್ಲಿದ್ದರು. ಮ್ಯಾಸನಾಯಕರು, ಈಚಲ ಹೆಂಡವನ್ನೂ ಕೋಳಿಯನ್ನೂ ಮುಟ್ಟಬಾರದೆಂಬುದು ಕುಲದ ಹಳೆಯ ಕಟ್ಟು. ವೈನಿಗೂ ಕೈಮುಗಿದು ದೂರ ಕೂತರು. ಆದರೆ ದಾಳಿಂಬೆ ಬೆಳೆಗಾರರಲ್ಲವೇ, ಕೇಳಿದರು: “ಸಾವಯವ ಅಂದ್ರೆ ಏನೂ ಹೊಡ್ದಿಲ್ವಾ?”

ಹೊಡೆಯುತ್ತಾರೆ. ಮೈಲುತುತ್ತು, ಸುಣ್ಣ, ನಮ್ಮ ರೈತರ ಅದೇ ಬೋರ್ಡೋ ದ್ರಾವಣ! ಅದರ ಹುಟ್ಟು ತಮಾಷೆಯದು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಈ ನೀಲಿ ಕಹಿಯನ್ನು ಬಳಿಯುತ್ತಿದ್ದರು. ಬೂಜುರೋಗ ಆ ಬಳ್ಳಿಗಳನ್ನೇ ಬಿಟ್ಟಿದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಮದ್ದನ್ನು ಜಗತ್ತಿಗೆ ತಿಳಿಸಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಈಗ ಯುರೋಪಿನ ಸಾವಯವ ತೋಟದಲ್ಲಿ ತಾಮ್ರಕ್ಕೂ ಲೆಕ್ಕವಿದೆ: ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ದಾಟುವಂತಿಲ್ಲ. ಸಿಹಿಯಿಲ್ಲದ ಸಾವಯವ ಬಿಳಿ ವೈನಿನಲ್ಲಿ ಗಂಧಕದ ಅಂಶ ಲೀಟರಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಮಾಮೂಲಿ ವೈನಿಗಾದರೆ 200.

“ಅಂಗಾದ್ರೆ ನಾನೂ ಮುಕ್ಕಾಲು ಫ್ರಾನ್ಸಿನೋನೇ” ಎಂದರು ಗೆಳೆಯರು, ಮಜ್ಜಿಗೆ ಎತ್ತಿಕೊಂಡು.

ವೈನಿನ ಹುಳಿ ಚುರುಕಾಗಿತ್ತು. ಹುರಿದ ಶೇಂಗಾಗೆ ಅದರಷ್ಟು ಒಳ್ಳೆಯ ಜೊತೆ ನಾನು ಕಂಡಿಲ್ಲ. ಯಜಮಾನರು ಎರಡನೇ ಲೋಟ ಬೇಡವೆಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು, “ಖಾಲಿಯಾದ್ಮೇಲೆ ಇದನ್ನ ನನಗೆ ಕೊಡಿ. ದಪ್ಪ ಹಸಿರು ಗಾಜು, ಎಣ್ಣೆಗೆ ಬಿಸಿಲು ತಾಕಾಕಿಲ್ಲ” ಎಂದರು.